ಮನಸ್ಸು ಮತ್ತು ದೇಹ

ಪರೀಕ್ಷೆಯ ಹಿಂದಿನ ರಾತ್ರಿ ಹೊಟ್ಟೆ ಕೆಡುತ್ತದೆ. ಜ್ವರ ಬಂದ ದಿನ ಯಾರ ಮಾತೂ ರುಚಿಸುವುದಿಲ್ಲ. ಮೊದಲನೆಯದರಲ್ಲಿ ಮನಸ್ಸು ದೇಹವನ್ನು ಎಳೆಯುತ್ತದೆ, ಎರಡನೆಯದರಲ್ಲಿ ದೇಹ ಮನಸ್ಸನ್ನು. ಇಷ್ಟನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಈ ಎಳೆತ ನಡೆಯುವುದು ಯಾವ ದಾರಿಯಲ್ಲಿ, ಅದರ ಬಲ ಎಷ್ಟು ಎಂಬಲ್ಲಿಗೆ ಬಂದಾಗ ಮಾತ್ರ ತತ್ತ್ವಜ್ಞಾನಿಗಳೂ ವೈದ್ಯರೂ ಶತಮಾನಗಳಿಂದ ಜಗಳವಾಡುತ್ತ ಬಂದಿದ್ದಾರೆ. ಕಳೆದ ಇನ್ನೂರು ವರ್ಷಗಳಲ್ಲಿ ಆ ದೊಡ್ಡ ಪ್ರಶ್ನೆ ಬಗೆಹರಿದಿಲ್ಲ. ಆದರೆ ಒಡೆದು ಹಲವು ಸಣ್ಣ ಪ್ರಶ್ನೆಗಳಾಗಿದೆ. ಅವುಗಳಲ್ಲಿ ಕೆಲವಕ್ಕೆ ಅಳೆದು ನೋಡಿದ ಉತ್ತರ ಸಿಕ್ಕಿದೆ.

ಆಧುನಿಕ ಯುರೋಪಿನಲ್ಲಿ ಈ ಚರ್ಚೆಗೆ ರೂಪ ಕೊಟ್ಟವನು ಫ್ರಾನ್ಸಿನ ರೆನೆ ಡೆಕಾರ್ಟ್. ಯೋಚಿಸುವುದೇ ಸ್ವಭಾವವಾದ ಮನಸ್ಸು ಒಂದು ವಸ್ತು, ಜಾಗ ಆಕ್ರಮಿಸುವ ದೇಹ ಇನ್ನೊಂದು ವಸ್ತು ಎಂದು 1641ರಲ್ಲಿ ಅವನು ವಾದಿಸಿದ. ಎರಡೇ ವರ್ಷಕ್ಕೆ, 1643ರ ಮೇ ತಿಂಗಳಲ್ಲಿ, ಹೇಗ್ ನಗರದಲ್ಲಿ ದೇಶಭ್ರಷ್ಟ ರಾಜಕುಟುಂಬದೊಡನೆ ಬದುಕುತ್ತಿದ್ದ ಬೊಹೀಮಿಯಾದ ರಾಜಕುಮಾರಿ ಎಲಿಸಬೆತ್ ಅವನಿಗೊಂದು ಪತ್ರ ಬರೆದಳು. ಆಗ ಅವಳಿಗೆ 24 ವರ್ಷ. ಅವಳು ಕೇಳಿದ್ದು ನೇರವಾಗಿತ್ತು: ಒಂದು ವಸ್ತು ಇನ್ನೊಂದನ್ನು ಅಲುಗಿಸಬೇಕಾದರೆ ತಾಗಬೇಕು, ಜಾಗವನ್ನೇ ಆಕ್ರಮಿಸದ ಮನಸ್ಸು ದೇಹವನ್ನು ತಾಗುವುದು ಹೇಗೆ? ಡೆಕಾರ್ಟ್ ಕೊಟ್ಟ ಉತ್ತರಗಳು ಅವಳಿಗೆ ಸಮಾಧಾನ ತರಲಿಲ್ಲ. ಮಿದುಳಿನ ನಡುವಿನ ಪೀನಿಯಲ್ ಗ್ರಂಥಿಯಲ್ಲಿ ಇವೆರಡೂ ಸಂಧಿಸುತ್ತವೆ ಎಂಬ ಅವನ ಊಹೆಯೂ ನಿಲ್ಲಲಿಲ್ಲ. ಪತ್ರವ್ಯವಹಾರ ಮಾತ್ರ ವರ್ಷಗಟ್ಟಲೆ ನಡೆಯಿತು. 1645ರಲ್ಲಿ ಎಲಿಸಬೆತ್‌ಗೆ ಬಿಡದ ಸಣ್ಣ ಜ್ವರ, ಒಣಕೆಮ್ಮು. ಅದಕ್ಕೆ ದುಃಖವೇ ಕಾರಣವಿರಬೇಕೆಂದು ಡೆಕಾರ್ಟ್ ಬರೆದ. ಕೆಲವು ಕಾಯಿಲೆಗಳು ವಿವೇಚಿಸುವ ಶಕ್ತಿಯನ್ನೇ ಕಸಿಯುತ್ತವಲ್ಲ ಎಂದು ಅವಳು ತಿರುಗಿ ಕೇಳಿದಳು. ತತ್ತ್ವಶಾಸ್ತ್ರದ ಚರಿತ್ರೆಗಳು ಬಹುಕಾಲ ಅವಳನ್ನು ಡೆಕಾರ್ಟನ ಶಿಷ್ಯೆಯೆಂದಷ್ಟೇ ನೆನೆದವು. ಪತ್ರಗಳನ್ನು ಓದಿದರೆ ವಾದದಲ್ಲಿ ಯಾರ ಕೈ ಮೇಲಿತ್ತು ಎಂಬುದರಲ್ಲಿ ಅನುಮಾನ ಉಳಿಯುವುದಿಲ್ಲ.

ಭಾರತದ ದರ್ಶನಗಳು ಗೆರೆಯನ್ನು ಬೇರೆ ಕಡೆ ಎಳೆದವು. ಸಾಂಖ್ಯರ ಪ್ರಕಾರ ಮನಸ್ಸು, ಬುದ್ಧಿ, ಅಹಂಕಾರ ಮೂರೂ ಪ್ರಕೃತಿಯಿಂದಲೇ ಹುಟ್ಟಿದವು; ದೇಹ ಯಾವ ಬದಿಯಲ್ಲಿದೆಯೋ ಮನಸ್ಸೂ ಅದೇ ಬದಿಯಲ್ಲಿದೆ. ಬೇರೆಯಾಗಿ ನಿಲ್ಲುವುದು ಚೈತನ್ಯಸ್ವರೂಪಿಯಾದ ಪುರುಷ ಮಾತ್ರ. ಹಾಗಾಗಿ ಮನಸ್ಸು ದೇಹವನ್ನು ಹೇಗೆ ಅಲುಗಿಸುತ್ತದೆ ಎಂಬುದು ಸಾಂಖ್ಯರನ್ನು ಕಾಡಲಿಲ್ಲ. ಏನನ್ನೂ ಮಾಡದ ಪುರುಷನಿಗೂ ಎಲ್ಲವನ್ನೂ ಮಾಡುವ ಪ್ರಕೃತಿಗೂ ಏನು ನಂಟು ಎಂಬುದು ಕಾಡಿತು. ನೈಯಾಯಿಕರು ಮನಸ್ಸನ್ನು ಅಣುವಿನಷ್ಟು ಸಣ್ಣ ಒಳ ಇಂದ್ರಿಯವೆಂದರು. ಒಂದು ಕ್ಷಣಕ್ಕೆ ಒಂದೇ ಸಂಗತಿಯತ್ತ ಗಮನ ಹರಿಯುವುದು ಅದರಿಂದಲೇ ಎಂಬುದು ಅವರ ತರ್ಕ. ಚಾರ್ವಾಕರು ಎಲ್ಲರಿಗಿಂತ ಖಡಕ್ಕಾಗಿದ್ದರು. ಧಾನ್ಯ ಹುಳಿತು ಮದ್ಯವಾದಾಗ ಅದರಲ್ಲಿ ಅಮಲು ತಾನಾಗಿ ಹುಟ್ಟುವಂತೆ ಭೂತಗಳು ಕೂಡಿದಾಗ ಚೈತನ್ಯ ಹುಟ್ಟುತ್ತದೆ, ದೇಹ ಹೋದರೆ ಅದೂ ಹೋಗುತ್ತದೆ ಎಂದರು. ಇವರೆಲ್ಲರಿಗಿಂತ ವ್ಯವಹಾರಕ್ಕೆ ಹತ್ತಿರವಾದದ್ದು ಚರಕಸಂಹಿತೆ. ಶರೀರ, ಇಂದ್ರಿಯ, ಮನಸ್ಸು, ಆತ್ಮಗಳ ಕೂಟವೇ ಆಯುಸ್ಸು ಎಂದು ಹೇಳುವ ಆ ಗ್ರಂಥ, ತಪ್ಪೆಂದು ತಿಳಿದೂ ಮಾಡುವ ಪ್ರಜ್ಞಾಪರಾಧವನ್ನು ರೋಗದ ಮೂಲಕಾರಣಗಳಲ್ಲಿ ಸೇರಿಸುತ್ತದೆ.

ಇಷ್ಟೂ ತರ್ಕದ ದಾರಿ. ಹತ್ತೊಂಬತ್ತನೆಯ ಶತಮಾನದಲ್ಲಿ ಅಪಘಾತಗಳು ಚರ್ಚೆಯೊಳಗೆ ನುಗ್ಗಿದವು.

1848ರ ಸೆಪ್ಟೆಂಬರ್ 13ರಂದು ಅಮೆರಿಕದ ವರ್ಮಾಂಟ್ ರಾಜ್ಯದ ಕ್ಯಾವೆಂಡಿಶ್ ಬಳಿ ರೈಲುಹಾದಿಗೆ ಬಂಡೆ ಸಿಡಿಸುತ್ತಿದ್ದಾಗ ಮದ್ದು ಹೊತ್ತಿಕೊಂಡು ಮೇಸ್ತ್ರಿ ಫಿನಿಯಸ್ ಗೇಜ್‌ನ ಎಡಗೆನ್ನೆಯಿಂದ ನುಗ್ಗಿದ ಕಬ್ಬಿಣದ ಸಲಾಕೆ ನೆತ್ತಿಯನ್ನು ಸೀಳಿ ಹೊರಬಂತು. ಸಲಾಕೆಯ ಉದ್ದ ಒಂದು ಮೀಟರಿಗೂ ಹೆಚ್ಚು, ತೂಕ ಸುಮಾರು ಆರು ಕಿಲೊ. ಗೇಜ್ ಬದುಕಿದ, ಮಾತಾಡಿದ, ನಡೆದಾಡಿದ. ಆದರೆ ಶಿಸ್ತಿನ ಕೆಲಸಗಾರನಾಗಿದ್ದವನು ಹಠಮಾರಿ, ಬಾಯಿಬಡುಕ ಆದನೆಂದು ಅವನ ವೈದ್ಯ ಜಾನ್ ಹಾರ್ಲೊ 1868ರಲ್ಲಿ ಬರೆದ. ಮಿದುಳಿನ ಮುಂಭಾಗ ಕೆಟ್ಟರೆ ಮನುಷ್ಯನ ಗುಣವೇ ಕೆಡುತ್ತದೆ ಎಂಬುದಕ್ಕೆ ಈ ಕತೆಯನ್ನು ಪಠ್ಯಪುಸ್ತಕಗಳು ಇಂದಿಗೂ ಎತ್ತಿ ಹೇಳುತ್ತವೆ. ಅದೇ ಗೇಜ್ ಮುಂದೆ ಚಿಲಿ ದೇಶಕ್ಕೆ ಹೋಗಿ ವರ್ಷಗಟ್ಟಲೆ ಕುದುರೆ ಸಾರೋಟು ಓಡಿಸಿದ ಸಂಗತಿಯನ್ನು ಅಷ್ಟೇ ಉತ್ಸಾಹದಿಂದ ಹೇಳುವುದಿಲ್ಲ. ಪ್ರಯಾಣಿಕರನ್ನು ಕೂರಿಸಿಕೊಂಡು ಕುದುರೆಗಳನ್ನು ನಿಭಾಯಿಸುವುದು ಬುದ್ಧಿ ಸ್ಥಿಮಿತವಿಲ್ಲದವನ ಕೆಲಸವಲ್ಲ. ಗಾಯಗೊಂಡ ಮಿದುಳು ದುಡಿಮೆಯ ನೆರವಿನಿಂದ ಒಂದಷ್ಟು ಚೇತರಿಸಿಕೊಂಡಿತೆಂದು ಕಾಣುತ್ತದೆ.

ಇದಕ್ಕೂ ಮೊದಲು, 1822ರಲ್ಲಿ, ಮ್ಯಾಕಿನಾಕ್ ದ್ವೀಪದಲ್ಲಿ ತುಪ್ಪಳ ವ್ಯಾಪಾರದ ಕೂಲಿಯಾಳು ಅಲೆಕ್ಸಿಸ್ ಸೇಂಟ್ ಮಾರ್ಟಿನ್‌ಗೆ ಗುಂಡೇಟು ಬಿದ್ದಿತ್ತು. ಗಾಯ ಮಾಯಿತು, ಜಠರಕ್ಕೆ ತೆರೆದ ತೂತು ಮುಚ್ಚಲಿಲ್ಲ. ಸೇನಾವೈದ್ಯ ವಿಲಿಯಂ ಬೋಮಾಂಟ್ ಅವನನ್ನು ಸಂಬಳಕ್ಕಿಟ್ಟುಕೊಂಡು, ಆ ತೂತಿನಲ್ಲಿ ದಾರಕ್ಕೆ ಕಟ್ಟಿದ ಮಾಂಸದ ತುಂಡು ಇಳಿಬಿಟ್ಟು, ಜೀರ್ಣಕ್ರಿಯೆಯನ್ನು ಕಣ್ಣಾರೆ ಕಂಡ. ಸಿಟ್ಟು ಬಂದಾಗ ಜಠರದ ಒಳಪೊರೆಯೂ ರಸವೂ ಬದಲಾಗುವುದನ್ನು 1833ರ ತನ್ನ ಪುಸ್ತಕದಲ್ಲಿ ದಾಖಲಿಸಿದ. ಸೇಂಟ್ ಮಾರ್ಟಿನ್‌ಗೆ ಸಿಟ್ಟು ಬರಲು ಕಾರಣಗಳಿಗೆ ಬರವಿರಲಿಲ್ಲ ಬಿಡಿ. 1880ರಲ್ಲಿ ಅವನು ತೀರಿಕೊಂಡಾಗ, ವೈದ್ಯರು ಶವವನ್ನು ಕೊಯ್ಯಬಾರದೆಂದು ಮನೆಯವರು ಅದು ಕೊಳೆಯುವವರೆಗೆ ಕಾದು ಆಮೇಲೆ ಮಣ್ಣು ಮಾಡಿದರು.

ಹಾರ್ವರ್ಡಿನ ವಾಲ್ಟರ್ ಕ್ಯಾನನ್ ವಿದ್ಯಾರ್ಥಿಯಾಗಿದ್ದಾಗ ಬೆಕ್ಕುಗಳ ಜಠರದ ಚಲನೆಯನ್ನು ಎಕ್ಸ್‌ರೇಯಲ್ಲಿ ನೋಡುತ್ತಿದ್ದ. ಬೆಕ್ಕು ಗಾಬರಿಯಾದ ಕೂಡಲೇ ಅಲೆ ನಿಂತುಬಿಡುತ್ತಿತ್ತು. ಆ ಎಳೆ ಹಿಡಿದು ಹೊರಟವನು 1915ರ ಹೊತ್ತಿಗೆ, ಭಯ–ಕೋಪಗಳಲ್ಲಿ ಅಡ್ರಿನಲ್ ಗ್ರಂಥಿ ರಕ್ತಕ್ಕೆ ರಸ ಸುರಿದು ದೇಹವನ್ನು ಕಾದಾಟಕ್ಕೋ ಓಟಕ್ಕೋ ಅಣಿಗೊಳಿಸುತ್ತದೆ ಎಂದು ತೋರಿಸಿದ. ಎಲಿಸಬೆತ್ ಕೇಳಿದ ದಾರಿಗಳಲ್ಲಿ ಮೊದಲನೆಯದು ಹೀಗೆ ಸಿಕ್ಕಿತೆನ್ನಬಹುದು: ನರ ಮತ್ತು ರಕ್ತ. 1936ರಲ್ಲಿ ಹ್ಯಾನ್ಸ್ ಸೆಲ್ಯೆ ಇದಕ್ಕೆ ದೀರ್ಘಕಾಲದ ಆಯಾಮ ಸೇರಿಸಿದ. ಶೀತ, ಗಾಯ, ವಿಷ, ಏನೇ ಕೊಟ್ಟರೂ ಇಲಿಗಳಲ್ಲಿ ಅಡ್ರಿನಲ್ ಊದುವುದು, ಜಠರದಲ್ಲಿ ಹುಣ್ಣಾಗುವುದು ಒಂದೇ ತೆರನಾಗಿತ್ತು. ಮುಂದೆ ಮನೆಮಾತಾದ 'ಸ್ಟ್ರೆಸ್' ಬೆಳೆದದ್ದು ಈ ಪ್ರಯೋಗಗಳಿಂದ.

ಹುಣ್ಣಿನ ಕತೆಯಲ್ಲಿ ಸ್ವಲ್ಪ ನಿಲ್ಲಬೇಕು. ಈ ವಿಷಯದಲ್ಲಿ ವೈದ್ಯಕೀಯ ಹೇಗೆ ತುದಿಯಿಂದ ತುದಿಗೆ ತೂಗಾಡಿತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವಿಲ್ಲ. 1950ರಲ್ಲಿ ಷಿಕಾಗೊದ ಮನೋವಿಶ್ಲೇಷಕ ಫ್ರಾಂಜ್ ಅಲೆಕ್ಸಾಂಡರ್ ಮನೋದೈಹಿಕ ಕಾಯಿಲೆಗಳ ಬಗ್ಗೆ ಬರೆದ ಪುಸ್ತಕದಲ್ಲಿ ಜಠರದ ಹುಣ್ಣು, ಆಸ್ತಮಾ, ರಕ್ತದೊತ್ತಡ, ಸಂಧಿವಾತಗಳೆಲ್ಲ ಇದ್ದವು. ಪ್ರೀತಿಗಾಗಿ ಹಂಬಲಿಸಿ ಅದನ್ನು ಒಪ್ಪಿಕೊಳ್ಳಲಾರದವರಿಗೆ ಹುಣ್ಣಾಗುತ್ತದೆ ಎಂಬಂಥ ವಿವರಣೆಗಳು ಗಂಭೀರವಾಗಿ ಓಡಾಡಿದವು. ರೋಗಿಗಳು ಹಾಲು ಕುಡಿದರು, ರಜೆ ಹಾಕಿದರು, ಕೆಲವರು ಹೊಟ್ಟೆ ಕೊಯ್ಯಿಸಿಕೊಂಡರು. ಆಮೇಲೆ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ರೋಗಿಗಳ ಜಠರದಲ್ಲಿ ಸುರುಳಿಯಾಕಾರದ ಬ್ಯಾಕ್ಟೀರಿಯಾ ಕಂಡರು. 1982ರ ಈಸ್ಟರ್ ರಜೆಯಲ್ಲಿ ಪ್ರಯೋಗಾಲಯದಲ್ಲಿ ಹಾಗೇ ಉಳಿದುಹೋದ ತಟ್ಟೆಯಲ್ಲಿ ಅದು ಬೆಳೆದುಬಿಟ್ಟಿತ್ತು. ಯಾರೂ ನಂಬದಿದ್ದಾಗ 1984ರಲ್ಲಿ ಮಾರ್ಷಲ್ ತಾನೇ ಆ ಬ್ಯಾಕ್ಟೀರಿಯಾ ಕಲಸಿದ ದ್ರವ ಕುಡಿದು ಜಠರದ ಉರಿಯೂತ ತಂದುಕೊಂಡ. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಒಂದೆರಡು ವಾರದ ಆ್ಯಂಟಿಬಯೋಟಿಕ್‌ಗೆ ಹುಣ್ಣು ಮಾಯತೊಡಗಿದಾಗ ಮನಸ್ಸಿನ ಮಾತೆತ್ತುವುದೇ ನಗೆಪಾಟಲಾಯಿತು.

ಅದೂ ಪೂರ್ತಿ ಸರಿಯಾಗಿರಲಿಲ್ಲ. ಆ ಬ್ಯಾಕ್ಟೀರಿಯಾ ಹೊತ್ತ ಬಹುಪಾಲು ಜನರಿಗೆ ಹುಣ್ಣೇ ಆಗುವುದಿಲ್ಲ. 1995ರ ಜನವರಿಯಲ್ಲಿ ಜಪಾನಿನ ಕೋಬೆ ಸೀಮೆಯಲ್ಲಿ ಭೂಕಂಪವಾದ ಮೇಲೆ ರಕ್ತ ಸೋರುವ ಜಠರದ ಹುಣ್ಣುಗಳು ಹೆಚ್ಚಿದವು. ಬ್ಯಾಕ್ಟೀರಿಯಾ ಹುಣ್ಣಾದವರಲ್ಲಿ ಬಹುತೇಕರ ಹೊಟ್ಟೆಯಲ್ಲಿ ಮೊದಲೇ ಇತ್ತು; ಹೊಸದಾಗಿ ಬಂದದ್ದು ಭೂಕಂಪ.

ದೇಹದ ರೋಗನಿರೋಧಕ ವ್ಯವಸ್ಥೆ ಮಿದುಳಿನ ಹಂಗಿಲ್ಲದೆ ತನ್ನಪಾಡಿಗೆ ನಡೆಯುತ್ತದೆ ಎಂಬುದು 1970ರ ದಶಕದವರೆಗಿನ ನಂಬಿಕೆ. ಅಮೆರಿಕದ ರಾಚೆಸ್ಟರ್‌ನಲ್ಲಿ ರಾಬರ್ಟ್ ಏಡರ್ ಇಲಿಗಳಿಗೆ ಸ್ಯಾಕರಿನ್ ನೀರಿನ ಜೊತೆ ಹೊಟ್ಟೆ ತೊಳಸುವ ಔಷಧವೊಂದನ್ನು ಕೊಟ್ಟು, ಆ ರುಚಿಯ ಮೇಲೆ ಅವಕ್ಕೆ ಹೇವರಿಕೆ ಹುಟ್ಟಿಸುತ್ತಿದ್ದ. ಔಷಧ ನಿಲ್ಲಿಸಿ ಬರೀ ಸಿಹಿನೀರು ಕೊಟ್ಟರೂ ಇಲಿಗಳು ಸಾಯತೊಡಗಿದವು. ಆ ಔಷಧ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವಂಥದ್ದು. ಸಿಹಿಯ ರುಚಿಯೊಂದೇ ಅದೇ ಪರಿಣಾಮ ಬೀರಲು ಕಲಿತುಬಿಟ್ಟಿದೆಯೆಂದು ಅವನಿಗೆ ಗುಮಾನಿ. ನಿಕೊಲಸ್ ಕೊಹೆನ್ ಜೊತೆಗೂಡಿ 1975ರಲ್ಲಿ ಅದನ್ನು ಸಾಬೀತುಪಡಿಸಿದ. ಮನುಷ್ಯರಲ್ಲಿ ನಡೆದ ಅಧ್ಯಯನಗಳೂ ಅದೇ ದಿಕ್ಕು ತೋರಿಸಿದವು. 1991ರಲ್ಲಿ ಶೆಲ್ಡನ್ ಕೊಹೆನ್ ತಂಡ 394 ಆರೋಗ್ಯವಂತರ ಮೂಗಿಗೆ ವೈರಸ್ಸಿನ ಹನಿ ಬಿಟ್ಟು ಕಾದು ನೋಡಿತು. ಮಾನಸಿಕ ಒತ್ತಡ ತೀರ ಕಡಿಮೆ ಇದ್ದವರಲ್ಲಿ ನೂರಕ್ಕೆ 27 ಮಂದಿಗೆ ನೆಗಡಿಯಾದರೆ ತೀರ ಹೆಚ್ಚಿದ್ದವರಲ್ಲಿ 47 ಮಂದಿಗೆ ಆಯಿತು. 1995ರಲ್ಲಿ ಜಾನಿಸ್ ಕೀಕೋಲ್ಟ್–ಗ್ಲೇಸರ್ ತಂಡ, ಮರೆಗುಳಿ ರೋಗದ ಬಂಧುಗಳನ್ನು ಮನೆಯಲ್ಲಿ ನೋಡಿಕೊಳ್ಳುತ್ತಿದ್ದ 13 ಹೆಂಗಸರ ತೋಳಿನಲ್ಲಿ ಪುಟ್ಟ ಗಾಯ ಮಾಡಿ ಅಳೆಯಿತು. ಅದು ಮಾಯಲು ಸರಾಸರಿ 48.7 ದಿನ ಹಿಡಿಯಿತು. ಅಂಥ ಹೊಣೆಯಿಲ್ಲದ ಅದೇ ವಯಸ್ಸಿನವರಲ್ಲಿ 39.3 ದಿನ. ಹಾಸಿಗೆ ಹಿಡಿದವರ ಆರೈಕೆ ಬಹುಮಟ್ಟಿಗೆ ಮನೆಯ ಹೆಂಗಸರ ಪಾಲಿಗೇ ಬೀಳುವ ಸಮಾಜಗಳು ಈ ಒಂಬತ್ತು ದಿನಗಳ ಅಂತರವನ್ನು ಗಮನಿಸಬೇಕು.

ಹಾಗಾದರೆ ನಂಬಿಕೆಯೊಂದೇ ಕಾಯಿಲೆ ವಾಸಿಮಾಡಬಲ್ಲುದೇ? ಔಷಧಾಂಶವಿಲ್ಲದ ಗುಳಿಗೆ, ಅಂದರೆ ಪ್ಲಸೀಬೊ, ಕುರಿತ ಸಂಶೋಧನೆ ಇಲ್ಲಿ ದಾರಿ ತೋರಿಸುತ್ತದೆ. 1978ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ದವಡೆಹಲ್ಲು ಕೀಳಿಸಿಕೊಂಡವರಿಗೆ ಬರೀ ಪ್ಲಸೀಬೊ ಕೊಟ್ಟಾಗ ಕೆಲವರ ನೋವು ಇಳಿಯಿತು. ಆಮೇಲೆ ಅಫೀಮಿನ ಜಾತಿಯ ರಾಸಾಯನಿಕಗಳಿಗೆ ಅಡ್ಡಗಟ್ಟುವ ನಲಾಕ್ಸೋನ್ ಕೊಟ್ಟಾಗ ಅವರ ನೋವು ಮರಳಿತು. ಅಂದರೆ ನಂಬಿಕೆ ಮಿದುಳಿನ ಸ್ವಂತ ನೋವುನಿವಾರಕಗಳನ್ನು ಬಿಡುಗಡೆ ಮಾಡಿತ್ತು; ಆ ಉಪಶಮನ ಭ್ರಮೆಯಾಗಿರಲಿಲ್ಲ. 2002ರಲ್ಲಿ ಹ್ಯೂಸ್ಟನ್ನಿನಲ್ಲಿ ಮಂಡಿ ಸವೆದ 180 ಮಂದಿಯಲ್ಲಿ ಕೆಲವರಿಗೆ ನಿಜವಾದ ದುರ್ಬೀನು ಶಸ್ತ್ರಚಿಕಿತ್ಸೆ ನಡೆಯಿತು, ಕೆಲವರಿಗೆ ಚರ್ಮಕ್ಕೆ ಕೊಯ್ತ ಹಾಕಿ ಹೊಲಿದು ಕಳಿಸಲಾಯಿತು. ಎರಡು ವರ್ಷ ಕಳೆದರೂ ಎರಡೂ ಗುಂಪುಗಳ ನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. 2010ರಲ್ಲಿ ಟೆಡ್ ಕ್ಯಾಪ್ಚಕ್ ತಂಡ ಇನ್ನೂ ವಿಚಿತ್ರವಾದದ್ದನ್ನು ಮಾಡಿತು. ಕರುಳಿನ ತೊಂದರೆಯಿದ್ದ 80 ಮಂದಿಯಲ್ಲಿ ಸುಮಾರು ಅರ್ಧ ಜನರಿಗೆ "ಇದರಲ್ಲಿ ಔಷಧವಿಲ್ಲ" ಎಂದು ಬಾಯಿಬಿಟ್ಟು ಹೇಳಿಯೇ ಗುಳಿಗೆ ಕೊಟ್ಟಿತು. ಮೂರು ವಾರಗಳಲ್ಲಿ ಅವರಲ್ಲಿ ನೂರಕ್ಕೆ 59 ಮಂದಿ ಸಾಕಷ್ಟು ಆರಾಮವಾಯಿತೆಂದರು. ಏನೂ ತೆಗೆದುಕೊಳ್ಳದವರಲ್ಲಿ 35.

ಪವಾಡ ಮಾರುವವರಿಗೆ ಇಷ್ಟೇ ಸಾಕು. ಆದರೆ ಇದೇ ಸಾಲಿನ ಇನ್ನೊಂದು ಪ್ರಯೋಗವನ್ನು ಪಕ್ಕದಲ್ಲಿಟ್ಟು ಓದಬೇಕು. 2011ರಲ್ಲಿ ಆಸ್ತಮಾ ರೋಗಿಗಳಿಗೆ ಒಮ್ಮೆ ನಿಜವಾದ ಇನ್‌ಹೇಲರ್, ಒಮ್ಮೆ ಪೊಳ್ಳು ಇನ್‌ಹೇಲರ್, ಒಮ್ಮೆ ತೋರಿಕೆಯ ಅಕ್ಯುಪಂಕ್ಚರ್ ಕೊಡಲಾಯಿತು. ಆರಾಮವೆನಿಸಿದ್ದು ಮೂರರಲ್ಲೂ ಹೆಚ್ಚುಕಡಿಮೆ ಒಂದೇ ಸಮ, ಶೇ 45ರಿಂದ 50. ಉಸಿರಿನ ಬಲವನ್ನು ಯಂತ್ರದಲ್ಲಿ ಅಳೆದರೆ ನಿಜವಾದ ಔಷಧದಿಂದ ಶೇ 20ರಷ್ಟು ಸುಧಾರಣೆ, ಉಳಿದವುಗಳಿಂದ ಸುಮಾರು ಶೇ 7. ನೋವು, ವಾಕರಿಕೆ, ಆಯಾಸಗಳಂಥ ಅನುಭವದ ತೊಂದರೆಗಳಲ್ಲಿ ನಂಬಿಕೆಯ ಕೈ ದೊಡ್ಡದು. ಬಿಗಿದ ಶ್ವಾಸನಾಳದಲ್ಲಿ ಬಹಳ ಚಿಕ್ಕದು. ಆರಾಮವೆನಿಸಿತೆಂದು ಇನ್‌ಹೇಲರ್ ಬಿಟ್ಟವನ ಪ್ರಾಣಕ್ಕೇ ಕುತ್ತು. ನಂಬಿಕೆಗೆ ಮಗ್ಗುಲು ಬದಲಿಸುವುದೂ ಗೊತ್ತು: ಕೊಲೆಸ್ಟರಾಲಿನ ಸ್ಟ್ಯಾಟಿನ್ ಮಾತ್ರೆ ತಮಗೆ ಆಗಿಬರುವುದಿಲ್ಲವೆಂದು ಬಿಟ್ಟಿದ್ದ 60 ಮಂದಿಗೆ 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಯಾವುದೆಂದು ಹೇಳದೆ ಕೆಲವು ತಿಂಗಳು ಸ್ಟ್ಯಾಟಿನ್, ಕೆಲವು ತಿಂಗಳು ಪ್ಲಸೀಬೊ ಕೊಟ್ಟಾಗ, ಸ್ಟ್ಯಾಟಿನ್ ತಿಂಗಳುಗಳಲ್ಲಿ ಅನುಭವಿಸಿದ ತೊಂದರೆಯ ಶೇ 90ರಷ್ಟು ಪ್ಲಸೀಬೊ ತಿಂಗಳುಗಳಲ್ಲೂ ಕಾಣಿಸಿಕೊಂಡಿತು.

ಮನಸ್ಸಿನ ಬಲಕ್ಕೆ ಭಾರತದಿಂದ ಕೊಡುವ ಸಾಕ್ಷ್ಯ ಸಾಮಾನ್ಯವಾಗಿ ಯೋಗಿಗಳದು. ದೆಹಲಿಯ ಏಮ್ಸ್‌ನ ಬಿ. ಕೆ. ಆನಂದ್ ಅಮೆರಿಕದ ಸಂಶೋಧಕರ ಜೊತೆ ಸೇರಿ, ಹೃದಯ ನಿಲ್ಲಿಸಬಲ್ಲೆವೆಂದ ಯೋಗಿಗಳನ್ನು ಪರೀಕ್ಷಿಸಿ 1961ರಲ್ಲಿ ಫಲಿತಾಂಶ ಪ್ರಕಟಿಸಿದರು. ಉಸಿರು ಕಟ್ಟಿ ಎದೆ–ಹೊಟ್ಟೆಯ ಸ್ನಾಯುಗಳನ್ನು ಬಿಗಿದಾಗ ಹೃದಯಕ್ಕೆ ಮರಳುವ ರಕ್ತ ತಗ್ಗುತ್ತಿತ್ತು, ಮಣಿಕಟ್ಟಿನಲ್ಲಿ ನಾಡಿ ಸಿಗುತ್ತಿರಲಿಲ್ಲ. ಇಸಿಜಿಯಲ್ಲಿ ಮಾತ್ರ ಹೃದಯ ಬಡಿಯುತ್ತಲೇ ಇತ್ತು. ಹೃದಯಕ್ಕೆ ನೇರ ಆಜ್ಞೆಯಿಲ್ಲ, ಉಸಿರಿನ ಮೂಲಕ ಸುತ್ತುದಾರಿಯಿದೆ ಎಂದಾಯಿತು. ಆ ಸುತ್ತುದಾರಿಯನ್ನು ಚಿಕಿತ್ಸೆಗೆ ಬಳಸಿ ನೋಡಿದ್ದು ಬೆಂಗಳೂರಿನ ನಿಮ್ಹಾನ್ಸ್. 2000ದಲ್ಲಿ ಪ್ರಕಟವಾದ ಅಲ್ಲಿಯ ಅಧ್ಯಯನದಲ್ಲಿ ತೀವ್ರ ಖಿನ್ನತೆಯ 45 ರೋಗಿಗಳನ್ನು ಮೂರು ಗುಂಪು ಮಾಡಿ, ಒಂದಕ್ಕೆ ವಿದ್ಯುತ್ ಚಿಕಿತ್ಸೆ, ಒಂದಕ್ಕೆ ಇಮಿಪ್ರಮೀನ್ ಮಾತ್ರೆ, ಒಂದಕ್ಕೆ ಸುದರ್ಶನ ಕ್ರಿಯೆಯ ಉಸಿರಾಟ ಕೊಡಲಾಯಿತು. ನಾಲ್ಕು ವಾರಕ್ಕೆ ಚೇತರಿಸಿಕೊಂಡವರು ಕ್ರಮವಾಗಿ ಶೇ 93, 73, 67. ಉಸಿರಾಟ ಮಾತ್ರೆಗೆ ಹತ್ತಿರ ಬಂತು, ವಿದ್ಯುತ್ ಚಿಕಿತ್ಸೆಯನ್ನು ಮುಟ್ಟಲಿಲ್ಲ. ಗುಂಪಿಗೆ 15 ಮಂದಿಯ ಅಧ್ಯಯನದಿಂದ ಇದಕ್ಕಿಂತ ಹೆಚ್ಚು ಹಿಂಡಲು ಹೋಗಬಾರದು.

ಕರ್ನಾಟಕದ ಇನ್ನೊಂದು ಕೊಡುಗೆ ಕರಾವಳಿಯದು. ಶಿವರಾಮ ಕಾರಂತರ ಹುಟ್ಟೂರಾದ ಕೋಟದಲ್ಲಿ ಮನೋವೈದ್ಯರಾದ ಜಿ. ಎಂ. ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಮನೆಮನೆಗೆ ಹೋಗಿ ನಡೆಸಿದ ಸಮೀಕ್ಷೆ 1976ರಲ್ಲಿ ಪುಸ್ತಕವಾಗಿ ಬಂತು. ಬ್ರಾಹ್ಮಣರು, ಬಂಟರು, ಮೊಗವೀರರು ತಮ್ಮ ಸಂಕಟವನ್ನು ಹೇಗೆ ಹೇಳಿಕೊಳ್ಳುತ್ತಾರೆ, ಎಲ್ಲಿಗೆ ಒಯ್ಯುತ್ತಾರೆ ಎಂದು ಅವರು ವಿಚಾರಿಸಿದರು. ಊರವರು ನಾಟಿ ವೈದ್ಯ, ಮಂತ್ರವಾದಿ, ಮೈಮೇಲೆ ದೈವ ಬರುವ ಪಾತ್ರಿ, ಇಂಗ್ಲಿಷ್ ಡಾಕ್ಟರು ಎಲ್ಲರ ಬಳಿಗೂ ಹೋಗುತ್ತಿದ್ದರು. ಒಬ್ಬರ ಬಳಿ ಹೋದರೆ ಇನ್ನೊಬ್ಬರನ್ನು ಬಿಡಬೇಕೆಂದು ಅವರಿಗೆ ಅನ್ನಿಸಿರಲಿಲ್ಲ.

ಪಾಶ್ಚಾತ್ಯರು ದುಃಖವನ್ನು ದುಃಖವೆಂದೇ ಹೇಳುತ್ತಾರೆ, ನಮ್ಮವರು ಮೈಕೈ ನೋವು, ಎದೆಭಾರ, ತಲೆಸುತ್ತು ಎನ್ನುತ್ತಾರೆ ಎಂಬ ಮಾತು ವೈದ್ಯರಲ್ಲಿ ಬಹಳ ಕಾಲ ಚಾಲ್ತಿಯಲ್ಲಿತ್ತು. ಬೆಂಗಳೂರೂ ಸೇರಿದಂತೆ 14 ದೇಶಗಳ 15 ಕೇಂದ್ರಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಅಧ್ಯಯನ ಅದನ್ನು ಅಲುಗಾಡಿಸಿತು. 1999ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಖಿನ್ನತೆಯಿದ್ದ 1,146 ರೋಗಿಗಳಲ್ಲಿ ಶೇ 69 ಮಂದಿ ವೈದ್ಯರೆದುರು ಹೇಳಿದ್ದು ದೇಹದ ತೊಂದರೆಗಳನ್ನು ಮಾತ್ರ. ಪೂರ್ವ–ಪಶ್ಚಿಮದ ಸ್ಪಷ್ಟ ಭೇದ ಕಾಣಲಿಲ್ಲ. ಕಂಡ ಭೇದ ಆಸ್ಪತ್ರೆಯ ಬಾಗಿಲಿನದು: ಪರಿಚಯದ ಕುಟುಂಬವೈದ್ಯರಿಲ್ಲದ, ಸರದಿಯಲ್ಲಿ ನಿಂತು ಯಾರೋ ಒಬ್ಬ ಡಾಕ್ಟರನ್ನು ಕಾಣಬೇಕಾದ ಕಡೆಗಳಲ್ಲಿ ಜನ ದೇಹದ ಮಾತನ್ನೇ ಹೆಚ್ಚು ಆಡುತ್ತಿದ್ದರು. ನೇರವಾಗಿ ಕೇಳಿದಾಗ ಮನಸ್ಸಿನ ತೊಂದರೆ ಇಲ್ಲವೇ ಇಲ್ಲ ಎಂದವರು ಶೇ 11 ಮಾತ್ರ.

ತತ್ತ್ವಜ್ಞಾನಿಗಳ ಮೂಲ ಒಗಟು ಇಷ್ಟಾದರೂ ಇದ್ದಲ್ಲೇ ಇದೆ. ನರಕೋಶಗಳ ಮಿಂಚಾಟ ಅನುಭವವಾಗುವುದು ಯಾಕೆ ಎಂಬ ಪ್ರಶ್ನೆಯ ಮೇಲೆ 1998ರಲ್ಲಿ ನರವಿಜ್ಞಾನಿ ಕ್ರಿಸ್ಟೊಫ್ ಕಾಕ್ ಮತ್ತು ತತ್ತ್ವಜ್ಞಾನಿ ಡೇವಿಡ್ ಚಾಮರ್ಸ್ ಪಂಥ ಕಟ್ಟಿದ್ದರು. ಇಪ್ಪತ್ತೈದು ವರ್ಷದೊಳಗೆ ಪ್ರಜ್ಞೆಯ ನರಮೂಲ ಸ್ಪಷ್ಟವಾಗಿ ಗೊತ್ತಾಗುತ್ತದೆಂದು ಕಾಕ್ ಹೇಳಿದ್ದ. 2023ರ ಜೂನ್‌ನಲ್ಲಿ ನ್ಯೂಯಾರ್ಕಿನ ಸಭೆಯೊಂದರಲ್ಲಿ ಸೋಲೊಪ್ಪಿಕೊಂಡು ಚಾಮರ್ಸ್‌ಗೆ ವೈನ್ ಕೊಟ್ಟ.

ಆಸ್ಪತ್ರೆಗಳು ಆ ಉತ್ತರಕ್ಕಾಗಿ ಕಾಯುತ್ತಿಲ್ಲ. ಅಮೆರಿಕದ ಮನೋವೈದ್ಯರ ಕೈಪಿಡಿ 2013ರ ಆವೃತ್ತಿಯಲ್ಲಿ ಮಹತ್ವದ ಬದಲಾವಣೆ ಮಾಡಿತು. ಅದಕ್ಕೂ ಮೊದಲು ದೇಹದಲ್ಲಿ ಕಾರಣ ಸಿಗದಿದ್ದರೆ ಮಾತ್ರ ದೈಹಿಕ ಲಕ್ಷಣಗಳ ಮಾನಸಿಕ ಕಾಯಿಲೆ ಎನ್ನಬಹುದಿತ್ತು. ಆ ಷರತ್ತು ಹೋಯಿತು. ಹೃದ್ರೋಗವಿದ್ದವರಿಗೂ ಹೃದಯದ ಚಿಂತೆ ಮಿತಿಮೀರಿ ಬದುಕು ಹಾಳಾಗಬಹುದು ಎಂಬುದು ಅದರ ಹಿಂದಿನ ತಿಳಿವಳಿಕೆ. ನರರೋಗ ವಿಭಾಗಗಳಲ್ಲೂ ಇಂಥದೇ ಬದಲಾವಣೆ ನಡೆದಿದೆ. ಸ್ಕ್ಯಾನ್ ಸರಿಯಿದ್ದೂ ಕಾಲು ಬಿದ್ದುಹೋದವರನ್ನು ಹಿಂದೆ 'ಹಿಸ್ಟೀರಿಯಾ' ಎಂದು ಮೂಲೆಗೆ ತಳ್ಳುತ್ತಿದ್ದರು, ಅಥವಾ ನಾಟಕ ಮಾಡುತ್ತಿದ್ದಾರೆಂದು ಶಂಕಿಸುತ್ತಿದ್ದರು. ಈಗ ಅವರಲ್ಲಿ 1908ರಲ್ಲಿ ಚಾರ್ಲ್ಸ್ ಹೂವರ್ ವಿವರಿಸಿದ ಹಳೆಯ ಪರೀಕ್ಷೆಯನ್ನು ಹೊಸ ಉದ್ದೇಶಕ್ಕೆ ಬಳಸುತ್ತಾರೆ. ಮಲಗಿದ ರೋಗಿಗೆ ಬಿದ್ದ ಕಾಲಿನ ಹಿಮ್ಮಡಿಯನ್ನು ಹಾಸಿಗೆಗೆ ಒತ್ತು ಎಂದರೆ ಆಗುವುದಿಲ್ಲ. ಇನ್ನೊಂದು ಕಾಲನ್ನು ವೈದ್ಯರ ಕೈಗೆ ವಿರುದ್ಧವಾಗಿ ಎತ್ತು ಎಂದಾಗ, ಗಮನ ಅತ್ತ ಹೋದ ಆ ಗಳಿಗೆಯಲ್ಲಿ, ಬಿದ್ದ ಕಾಲು ತಾನಾಗಿ ಕೆಳಕ್ಕೆ ಒತ್ತುತ್ತದೆ. ಮೊದಲೆಲ್ಲ ಇದನ್ನು ರೋಗಿಯ ಕಳ್ಳಾಟ ಹಿಡಿಯುವ ಉಪಾಯದಂತೆ ಗುಟ್ಟಾಗಿ ಮಾಡುತ್ತಿದ್ದರು. ಎಡಿನ್‌ಬರೊದ ಜಾನ್ ಸ್ಟೋನ್‌ರಂಥ ನರವೈದ್ಯರು ಈಗ ರೋಗಿಗೇ ಅದನ್ನು ತೋರಿಸುತ್ತಾರೆ: ನರದ ಹಾದಿ ಕಡಿದಿಲ್ಲ, ಆದೇಶ ಹೋಗುವ ಬಗೆ ಕೆಟ್ಟಿದೆ, ಅದನ್ನು ಸರಿಪಡಿಸಲು ಸಾಧ್ಯವಿದೆ ಎಂದು ವಿವರಿಸಿ, ಗಮನವನ್ನು ಕಾಲಿನಿಂದ ಬೇರೆಡೆಗೆ ಸೆಳೆಯುವ ವ್ಯಾಯಾಮಗಳಿಗಾಗಿ ಫಿಸಿಯೋಥೆರಪಿಗೆ ಕಳಿಸುತ್ತಾರೆ.